ಮಂಡಿಯ ಎದುರು ನೋವಾ? ಕರೆಂಟಿನ ಮಿಷನ್ ಬಿಡಿ, ಸ್ಟೂಲ್ ಹತ್ತಿ

ನಮ್ಮ ಯಕ್ಷಗಾನ ಕ್ಲಾಸಿನ ವಾಟ್ಸಾಪ್ ಗ್ರೂಪಲ್ಲಿ ಆಗಾಗ ಯಾರಾದ್ರೂ ಒಬ್ರು ಕೇಳಿಯೇ ಕೇಳ್ತಾರೆ, "ಮಂಡಿ ಎದುರು ನೋಯ್ತದೆ ಅಕ್ಕ, ಎಂತ ಮಾಡುದು" ಅಂತ. ಪ್ರತಿ ಸಲ ವಾಯ್ಸ್ ಮೆಸೇಜ್ ಕಳಿಸಿ ಕಳಿಸಿ ನನಗೂ ಸಾಕಾಯ್ತು, ಹಾಗಾಗಿ ಒಮ್ಮೆ ಕೂತು ಎಲ್ಲ ಬರ್ದು ಹಾಕ್ತಿದ್ದೇನೆ, ಇನ್ನು ಕೇಳಿದವರಿಗೆ ಲಿಂಕ್ ಕಳಿಸಿದ್ರಾಯ್ತು. ನಾನು ಡಾಕ್ಟರೂ ಅಲ್ಲ ಫಿಸಿಯೋನೂ ಅಲ್ಲ, ಉಡುಪಿಯಲ್ಲಿ ಬ್ಯಾಂಕಿನ ಕೌಂಟರ್ ಹಿಂದೆ ಕೂತು ಕೆಲಸ ಮಾಡುವವಳು, ನಲ್ವತ್ತು ದಾಟಿದ ಮೇಲೆ ಗೆಜ್ಜೆ ಕಟ್ಟುವ ಹುಚ್ಚು ಹಿಡಿಸಿಕೊಂಡವಳು. ಆದ್ರೆ ಈ ಒಂದು ನೋವಿನ ವಿಷಯದಲ್ಲಿ ಸಾಕಷ್ಟು ಕ್ಲಿನಿಕ್ಕುಗಳ ಮೆಟ್ಲು ಹತ್ತಿ ಇಳ್ದಿದ್ದೇನೆ, ಹತ್ತುವಾಗ ಸ್ವಲ್ಪ ನೋವು, ಇಳಿಯುವಾಗ ಜಾಸ್ತಿ. ಅದೇ ಈ ನೋವಿನ ಗುರುತು ಅಂತ ಆಮೇಲೆ ಗೊತ್ತಾಯ್ತು.

ಈ ನೋವು ಎಲ್ಲಿ ಅಂತ ಕೇಳಿದ್ರೆ ಒಂದು ಬೆರಳಿಟ್ಟು ತೋರಿಸ್ಲಿಕ್ಕೆ ಆಗುದಿಲ್ಲ, ಇಡೀ ಅಂಗೈ ಮಂಡಿಚಿಪ್ಪಿನ ಮೇಲೆ ಇಟ್ಟು "ಇಲ್ಲೇ ಎಲ್ಲೋ, ಒಳಗೆ" ಅಂತ ಹೇಳುದು. ಮೆಟ್ಲು ಇಳಿವಾಗ, ಕುಕ್ಕರಗಾಲಲ್ಲಿ ಕೂತಾಗ, ಬಸ್ಸಿಂದ ಇಳಿವಾಗ (ನಮ್ಮ ಸರ್ವಿಸ್ ಬಸ್ಸಿನ ಮೆಟ್ಲು ಎಷ್ಟು ಎತ್ತರ ಅಂತ ನಿಮ್ಗೆ ಗೊತ್ತುಂಟಲ್ಲ, ಒಂದು ಕಾಲು ನೆಲಕ್ಕೆ ತಾಗುವ ಮೊದಲೇ ಕಂಡಕ್ಟರ್ "ರೈಟ್ ಪೋಯಿ" ಅಂತಾನೆ) ಅಲ್ಲೆಲ್ಲ ಚುಳ್ಳಂತ ಹೇಳ್ತದೆ. ಮತ್ತೊಂದು ವಿಚಿತ್ರ, ಏನೂ ಮಾಡದೆ ಸುಮ್ನೆ ಮಂಡಿ ಮಡಚಿ ತುಂಬಾ ಹೊತ್ತು ಕೂತ್ರೂ ನೋಯ್ತದೆ. ರಾತ್ರಿ ಬಸ್ಸಲ್ಲಿ ಬೆಂಗಳೂರಿಗೆ ಹೋಗುವಾಗ ಶಿರಾಡಿ ಘಾಟಿ ಮುಗಿಯುವಷ್ಟರಲ್ಲಿ ಕಾಲು ಉದ್ದ ಚಾಚ್ಲಿಕ್ಕೆ ಜಾಗ ಹುಡುಕುದು, ಬಯಲಾಟ ನೋಡ್ಲಿಕ್ಕೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತವರು ಪದ್ಯ ಮುಗಿಯುದ್ರೊಳಗೆ ಎದ್ದು ನಿಲ್ಲುದು, ಎಲ್ಲ ಇದೇ. ಡಾಕ್ಟರುಗಳು ಇದಕ್ಕೆ ಸಿನಿಮಾ ಥಿಯೇಟರಿನ ಹೆಸರೇ ಇಟ್ಟಿದ್ದಾರಂತೆ, ಥಿಯೇಟರ್ ಸೈನ್ ಅಂತ. ಕಾಯಿಲೆಗೆ ಅವರು ಕೊಡುವ ಹೆಸರು ಪಟೆಲ್ಲೋಫೆಮೋರಲ್ ಪೇನ್, ಅಂದ್ರೆ ಚಿಪ್ಪು ಮತ್ತೆ ತೊಡೆ ಮೂಳೆ ಸೇರುವ ಜಾಗದ ನೋವು. ಗಂಡಸರಿಗಿಂತ ಹೆಂಗಸರಿಗೆ ಜಾಸ್ತಿ, ಓಡುವವರಿಗೆ ಕುಣಿಯುವವರಿಗೆ ಬೆಳೆಯುವ ಪ್ರಾಯದ ಮಕ್ಕಳಿಗೆ ತುಂಬಾ ಕಾಮನ್.

ಮಂಡಿಚಿಪ್ಪು ಅಂದ್ರೆ ಬಾವಿಗೆ ರಾಟೆ ಇದ್ದ ಹಾಗೆ ಮಾರಾಯ್ರೆ. ತೊಡೆಯ ಎದುರಿನ ದೊಡ್ಡ ಸ್ನಾಯು, ಕ್ವಾಡ್ರಿಸೆಪ್ಸ್, ಅದು ಎಳೆಯುವಾಗ ಬಲ ಚಿಪ್ಪಿನ ಮೇಲಿಂದ ಹಾದು ಮೊಣಕಾಲಿನ ಕೆಳಗಿನ ಮೂಳೆಗೆ ಹೋಗ್ತದೆ, ಚಿಪ್ಪು ತೊಡೆ ಮೂಳೆಯ ತುದಿಯಲ್ಲಿರುವ ಒಂದು ತೋಡಿನಲ್ಲಿ ಮೇಲೆ ಕೆಳಗೆ ಜಾರ್ತದೆ. ಮಂಡಿ ಮಡಚಿದಷ್ಟೂ ಚಿಪ್ಪು ಆ ತೋಡಿಗೆ ಒತ್ತಿ ಕೂರ್ತದೆ. ಸಮತಟ್ಟು ರಸ್ತೆಯಲ್ಲಿ ನಡೆವಾಗ ಅಲ್ಲಿ ಬೀಳುವ ಒತ್ತಡ ನಮ್ಮ ದೇಹದ ತೂಕದ ಅರ್ಧದಷ್ಟು, ಮೆಟ್ಲಲ್ಲಿ ಮೂರು ಪಟ್ಟಿಗೂ ಜಾಸ್ತಿ, ಪೂರ್ತಿ ಕುಕ್ಕರಗಾಲಲ್ಲಿ ಕೂತು ಎದ್ರೆ ಏಳು ಪಟ್ಟಿಗೂ ಹೆಚ್ಚು. 60 ಕಿಲೋದವರು ಲೆಕ್ಕ ಹಾಕಿ ನೋಡಿ, ಒಂದು ಸಲ ಕೂತು ಎದ್ರೆ 400 ಕಿಲೋಗಿಂತ ಜಾಸ್ತಿ ಅಂಗೈಗಿಂತ ಸಣ್ಣ ಜಾಗದಲ್ಲಿ. ಆರೋಗ್ಯದಲ್ಲಿರುವ ಮಂಡಿಗೆ ಇದೆಲ್ಲ ಎಂತದೂ ಅಲ್ಲ, ಅದು ಇರುವುದೇ ಅದಕ್ಕೆ. ತೊಂದ್ರೆ ಆಗುದು ಅಭ್ಯಾಸ ಇಲ್ಲದ ಭಾರ ಒಮ್ಮೆಲೇ ಬಿದ್ದಾಗ. ದಿನವಿಡೀ ಕುರ್ಚಿಯಲ್ಲಿ ಕೂತವಳು ಸಂಜೆ ಹೋಗಿ ಮಂಡಿ ಬಗ್ಗಿಸಿ ನಿಂತು ಹೆಜ್ಜೆ ಹಾಕಿದ್ರೆ, ಅದೂ ವಾರ್ಷಿಕೋತ್ಸವ ಹತ್ರ ಬಂತು ಅಂತ ಕ್ಲಾಸು ವಾರಕ್ಕೆ ಎರಡಿದ್ದದ್ದು ದಿನಾ ಆದ್ರೆ, ಚಿಪ್ಪಿಗೆ ಕೋಪ ಬಾರದೆ ಇರ್ತದಾ.

ಯಕ್ಷಗಾನದಲ್ಲಿ ಬಡಗಿನ ಶೈಲಿ, ಬಡಗುತಿಟ್ಟು ಕಲಿಯುವವರಿಗೆ ಒಂದು ಎಚ್ಚರಿಕೆ ಇಲ್ಲೇ ಹೇಳಿಬಿಡ್ತೇನೆ. ಮಂಡಿ ಹಾಕಿ ಸುತ್ತುವುದು ಉಂಟಲ್ಲ, ಅದ್ರಿಂದ ಬರುವ ನೋವು ಬೇರೆ ಇರ್ಬಹುದು. ಚಿಪ್ಪಿನ ಎದುರು ಚರ್ಮದ ಅಡಿಯಲ್ಲಿ ಒಂದು ಸಣ್ಣ ನೀರಿನ ಚೀಲ ಇರ್ತದೆ, ನೆಲಕ್ಕೆ ಒರಸಿ ಒರಸಿ ಅದು ಊದಿಕೊಂಡ್ರೆ ಚಿಪ್ಪಿನ ಮೇಲೆ ಮೆತ್ತಗೆ ನಿಂಬೆಹಣ್ಣಿನಷ್ಟು ಉಬ್ಬುತ್ತದೆ, ಮುಟ್ಟಿದ್ರೆ ಬಿಸಿ. ಅದಕ್ಕೆ ಈ ಪೋಸ್ಟಿನ ವ್ಯಾಯಾಮ ಮದ್ದಲ್ಲ, ಮಂಡಿ ಹಾಕುದನ್ನು ನಿಲ್ಲಿಸುದೇ ಮೊದಲ ಮದ್ದು, ಜ್ವರ ಅಥವಾ ಕೆಂಪಗಾಗಿದ್ರೆ ಡಾಕ್ಟ್ರಿಗೆ ತೋರಿಸ್ಲೇಬೇಕು. ತೆಂಕಿನ ಶೈಲಿಯವರು, ದಿಗಿಣ ಹಾರಿ ಹಾರಿ ಇಳಿಯುವವರಿಗೆ ಚಿಪ್ಪಿನ ಕೆಳತುದಿಯಲ್ಲಿ, ಅಲ್ಲಿ ಒಂದೇ ಬೆರಳು ಇಟ್ಟು ತೋರಿಸ್ಲಿಕ್ಕೆ ಆಗುವ ಹಾಗೆ ನೋವಿದ್ರೆ ಅದು ಚಿಪ್ಪಿನ ಕೆಳಗಿನ ಟೆಂಡನ್ನಿನದ್ದು, ಅಂದ್ರೆ ಮೂಳೆಗೆ ಕಟ್ಟಿದ ಗಟ್ಟಿ ಹುರಿಯದ್ದು, ವಾಲಿಬಾಲ್ ಆಡುವ ಹುಡುಗರಿಗೆ ಬರುವಂಥದ್ದು. ಅದಕ್ಕೂ ವ್ಯಾಯಾಮವೇ, ಆದ್ರೆ ರೀತಿ ಬೇರೆ.

ನನಗೆ ಮೊದಲು ಆದದ್ದು ಎಕ್ಸ್‌ರೇ. ಎಕ್ಸ್‌ರೇಲಿ ಎಂತದೂ ಕಾಣ್ಲಿಲ್ಲ, ಆದ್ರೂ "ಸ್ವಲ್ಪ ಸವೆದಿದೆ" ಅಂತ ಒಂದು ಮಾತು ಕಿವಿಗೆ ಬಿತ್ತು, ಮನೆಗೆ ಬರುವಷ್ಟರಲ್ಲಿ ದೊಡ್ಡಮ್ಮ "ಗ್ರೀಸ್ ಖಾಲಿಯಾಗಿದೆ ಅಂತ ಹೇಳಿದ್ರಾ" ಅಂತ ಕೇಳಿ ನನ್ನನ್ನು ಹತ್ತು ವರ್ಷ ಮುದುಕಿ ಮಾಡಿದ್ರು. ಈ ಸವೆತದ ಮಾತು ಎಷ್ಟು ಜನರ ಕಾಲು ಕಟ್ಟಿ ಹಾಕಿದೆ ಅಂತ ಲೆಕ್ಕ ಇಲ್ಲ. ಸವೆದಿದೆ ಅಂದ ಕೂಡಲೇ ಜನ ಎಂತ ಮಾಡ್ತಾರೆ, ನಡೆಯುದು ಕಮ್ಮಿ ಮಾಡ್ತಾರೆ, ಮೆಟ್ಲು ಬಿಟ್ಟು ಲಿಫ್ಟ್ ಹುಡುಕ್ತಾರೆ, ತೊಡೆ ಇನ್ನೂ ಸೊರಗ್ತದೆ, ನೋವು ಇನ್ನೂ ಜಾಸ್ತಿ. ಹಿಂದೆ ಡಾಕ್ಟರುಗಳೂ ಈ ನೋವಿಗೆಲ್ಲ ಕಾಂಡ್ರೊಮಲೇಶಿಯ ಅಂತ, ಅಂದ್ರೆ ಚಿಪ್ಪಿನ ಹಿಂದಿನ ಮೃದ್ವಸ್ಥಿ ಮೆತ್ತಗಾಗಿದೆ ಅಂತ ಬರೀತಿದ್ರು, ಈಗ ಆ ಹೆಸರು ಎಲ್ಲದಕ್ಕೂ ಹಾಕುದಿಲ್ಲ, ಯಾಕೆ ಅಂದ್ರೆ ಎಂಆರ್‌ಐಯಲ್ಲಿ ಅಂಥ ಬದಲಾವಣೆ ನೋವೇ ಇಲ್ಲದವರಲ್ಲೂ ಸಿಗ್ತದೆ, ನೋವಿದ್ದವರಲ್ಲಿ ಕೆಲವೊಮ್ಮೆ ಸಿಗುದೇ ಇಲ್ಲ. ಇದನ್ನು ಪತ್ತೆ ಮಾಡ್ಲಿಕ್ಕೆ ಸ್ಕ್ಯಾನ್ ಸಾಧಾರಣವಾಗಿ ಬೇಕಾಗುದೂ ಇಲ್ಲ. ಸುಮ್ನೆ ಕುಕ್ಕರಗಾಲಿಗೆ ಇಳಿಯಿರಿ ಅಂತ ಹೇಳುದು, ಇಳಿವಾಗ ಚಿಪ್ಪಿನ ಸುತ್ತ ನೋಯ್ತದಾ ಅಂತ ಕೇಳುದು, ಈ ಸಮಸ್ಯೆ ಇರುವವರಲ್ಲಿ 80 ಪರ್ಸೆಂಟ್ ಜನರಿಗೆ ಆ ಒಂದು ಪರೀಕ್ಷೆಯಲ್ಲೇ ನೋವು ಬರ್ತದೆ. ಮತ್ತೆ ಮಂಡಿಯಲ್ಲಿ ಕರಕರ ಸದ್ದು, ನೋವಿಲ್ಲದೆ ಬರೀ ಸದ್ದಾದ್ರೆ ಬಿಟ್ಟುಬಿಡಿ, ಅದಕ್ಕೆ ಹೆದರ್ಬೇಕಾದ್ದಿಲ್ಲ.

ಈಗ ಮಿಷನ್ನಿನ ಕಥೆ. ಊರಿನ ಹೆಸರು, ಕ್ಲಿನಿಕ್ಕಿನ ಹೆಸರು ಎಂತಕ್ಕೆ, ಎಲ್ಲ ಕಡೆ ಹೆಚ್ಚುಕಮ್ಮಿ ಹೀಗೇ. ಹೋದ ಕೂಡಲೇ ಮಂಚದ ಮೇಲೆ ಮಲಗಿಸಿ ಮಂಡಿ ಸುತ್ತ ನಾಲ್ಕು ರಬ್ಬರ್ ಕಪ್ಪು ಕಚ್ಚಿಸ್ತಾರೆ, ಒಳಗೆ ಒದ್ದೆ ಸ್ಪಂಜು, ಮಿಷನ್ ಆನ್ ಮಾಡಿದ ಕೂಡ್ಲೇ ಇರುವೆ ಹರಿದಾಡಿದ ಹಾಗೆ ಜುಂ ಅನ್ನುತ್ತದೆ, ಇದು ಐಎಫ್‌ಟಿ, ಇಂಟರ್‌ಫೆರೆನ್ಶಿಯಲ್ ಥೆರಪಿ. ಸುಮಾರು 4000 ಹರ್ಟ್ಸಿನ ಎರಡು ಕರೆಂಟು ಎರಡು ಕಡೆಯಿಂದ ಬಂದು ಒಳಗೆ ಒಂದಕ್ಕೊಂದು ಸೇರಿ ಕಮ್ಮಿ ಫ್ರೀಕ್ವೆನ್ಸಿಯ ಮಿಡಿತ ಹುಟ್ಟಿಸ್ತದೆ ಅಂತ ಲೆಕ್ಕ. ಅದಾದ್ಮೇಲೆ ತಣ್ಣಗಿನ ಜೆಲ್ ಹಚ್ಚಿ ಅಲ್ಟ್ರಾಸೌಂಡ್ ತಲೆಯನ್ನು ಗುಂಡಗೆ ಉಜ್ಜುದು, ಆಮೇಲೆ ಹಾಟ್ ಪ್ಯಾಕ್, ಕೊನೆಗೆ ಬಾಗಿಲ ಹತ್ರ ನಿಂತು "ಮನೆಯಲ್ಲಿ ಕಾಲು ನೇರ ಮಾಡಿ ಎತ್ತಿ ಆಯ್ತಾ" ಅಂತ ಒಂದು ವಾಕ್ಯ. ಹತ್ತು ಸಿಟ್ಟಿಂಗಿನ ಪ್ಯಾಕೇಜ್ ತಗೊಂಡ್ರೆ ಡಿಸ್ಕೌಂಟ್. ಸುಳ್ಳು ಯಾಕೆ ಹೇಳುದು, ಬ್ಯಾಂಕಿನಿಂದ ಸುಸ್ತಾಗಿ ಹೋಗಿ ಫ್ಯಾನಿನ ಅಡಿಯಲ್ಲಿ ಅರ್ಧ ಗಂಟೆ ಮಲಗುದು ಭಾರೀ ಸುಖ, ಹೊರಗೆ ಬರುವಾಗ ನೋವು ಸ್ವಲ್ಪ ಕಮ್ಮಿಯೇ ಇರ್ತದೆ, ಸ್ಕೂಟರ್ ಸ್ಟ್ಯಾಂಡ್ ತೆಗೀವಷ್ಟರಲ್ಲಿ ವಾಪಸ್ ಬಂದಿರ್ತದೆ. ಮಿಷನ್ನಿಂದ ಸ್ನಾಯುವಿಗೆ ಬಲ ಬರುದಿಲ್ಲ, ಮೆಟ್ಲು ಇಳಿಯುವ ರೀತಿ ಬದಲಾಗುದಿಲ್ಲ, ಹಾಗಿದ್ಮೇಲೆ ನೋವು ಹೋಗುದು ಎಲ್ಲಿಂದ.

ಇದು ನನ್ನ ಒಬ್ಬಳ ಅಭಿಪ್ರಾಯ ಅಲ್ಲ. ಈ ನೋವನ್ನೇ ಓದಿಕೊಂಡಿರುವ ಬೇರೆ ಬೇರೆ ದೇಶದ ಸಂಶೋಧಕರು ಸೇರಿ 2018ರಲ್ಲಿ ಒಂದು ಒಮ್ಮತದ ಹೇಳಿಕೆ ಪ್ರಕಟಿಸಿದ್ರು, 2019ರಲ್ಲಿ ಅಮೆರಿಕದ ಫಿಸಿಯೋಗಳ ಸಂಘಟನೆಯ ಕಡೆಯಿಂದ ಮಾರ್ಗಸೂಚಿ ಬಂತು, ಎರಡರಲ್ಲೂ ಮೊದಲ ಸ್ಥಾನ ವ್ಯಾಯಾಮಕ್ಕೆ, ಅದೂ ತೊಡೆ ಮತ್ತೆ ಸೊಂಟದ ಪಕ್ಕದ ಸ್ನಾಯು ಎರಡಕ್ಕೂ ಸೇರಿಸಿ ಮಾಡುವ ವ್ಯಾಯಾಮಕ್ಕೆ. ಅಲ್ಟ್ರಾಸೌಂಡ್, ಕರೆಂಟಿನ ಮಿಷನ್, ಲೇಸರ್ ಈ ಜಾತಿಯದ್ದೆಲ್ಲ ಈ ನೋವಿಗೆ ಬೇಡ ಅಂತ ಬರ್ದಿದ್ದಾರೆ. 2019ರ ಮಾರ್ಗಸೂಚಿಯಲ್ಲಿ ಸೂಜಿ ಚುಚ್ಚುವ ಡ್ರೈ ನೀಡ್ಲಿಂಗ್ ಬೇಡ ಅಂತ, ಚಿಪ್ಪನ್ನು ಕೈಯಲ್ಲಿ ಹಿಡಿದು ಆಚೀಚೆ ಅಲ್ಲಾಡಿಸುದನ್ನೇ ಟ್ರೀಟ್‌ಮೆಂಟ್ ಅಂತ ಮಾಡುದೂ ಬೇಡ ಅಂತ. ಮತ್ತೆ ನಮ್ಮಲ್ಲಿ ಎಂತಕ್ಕೆ ಎಲ್ಲರೂ ಮಿಷನ್ ಹಾಕುದು ಅಂತ ನಾನು ಆಮೇಲೆ ಸಿಕ್ಕಿದ ಫಿಸಿಯೋ ಹುಡುಗಿಯತ್ರ ಕೇಳಿದೆ, ಅವಳು ನಕ್ಕು "ಅಕ್ಕ, ಮಿಷನ್ ಹಾಕದಿದ್ರೆ ಪೇಷೆಂಟೇ ಕೇಳ್ತಾರೆ, ಎಂತ ಟ್ರೀಟ್‌ಮೆಂಟೇ ಕೊಡ್ಲಿಲ್ಲ, ಬರೀ ಕಸರತ್ತು ಮಾಡಿಸಿ ದುಡ್ಡು ತಗೊಂಡ್ರಿ ಅಂತ" ಅಂದ್ಳು. ತಪ್ಪು ಬರೀ ಕ್ಲಿನಿಕ್ಕಿನದ್ದಲ್ಲ ಹಾಗಾದ್ರೆ.

ಈ ಹುಡುಗಿ ಮೊದಲ ದಿನ ಮಾಡಿದ್ದು ಇಷ್ಟೇ, ಒಂದು ತಗ್ಗು ಸ್ಟೂಲಿನ ಮೇಲೆ ನಿಲ್ಲಿಸಿ ಒಂದು ಕಾಲಲ್ಲಿ ನಿಧಾನ ಕೆಳಗಿಳಿಯಿರಿ ಅಂದ್ಳು, ಎದುರಿಗೆ ಉದ್ದ ಕನ್ನಡಿ. ಕನ್ನಡಿಯಲ್ಲಿ ನೋಡಿದ್ರೆ ನನ್ನ ಮಂಡಿ ಸೀದಾ ಹೋಗುವ ಬದಲು ಒಳಗೆ, ಇನ್ನೊಂದು ಮಂಡಿಯ ಕಡೆಗೆ ವಾಲ್ತಾ ಇತ್ತು, ಸೊಂಟ ಒಂದು ಬದಿಗೆ ಇಳೀತಿತ್ತು. ಚಿಪ್ಪು ಹೊರಗೆ ಜಾರುದು ಅಂತ ಎಲ್ಲರೂ ಹೇಳ್ತಾರಲ್ಲ, ನಿಂತ ಕಾಲಲ್ಲಿ ಎಷ್ಟೋ ಸಲ ಆಗುದು ಅದರ ಅಡಿಯ ತೊಡೆ ಮೂಳೆಯೇ ಒಳಗೆ ತಿರುಗುದು ಅಂತೆ. ಆ ಮೂಳೆಯನ್ನು ಹಿಡಿದು ನಿಲ್ಲಿಸುದು ಸೊಂಟದ ಪಕ್ಕದ, ಕುಂಡೆಯ ಸ್ನಾಯುಗಳು. ಸ್ನಾಯು ವೀಕ್ ಆದ್ದರಿಂದ ನೋವು ಬಂದದ್ದಾ, ನೋವಾದ್ದರಿಂದ ವೀಕ್ ಆದದ್ದಾ ಅಂತ ಪಂಡಿತರಲ್ಲೇ ಚರ್ಚೆ ಉಂಟು, ಆದ್ರೆ ಅದನ್ನು ಗಟ್ಟಿ ಮಾಡಿದ್ರೆ ನೋವು ಕಮ್ಮಿ ಆಗ್ತದೆ ಅನ್ನುದ್ರಲ್ಲಿ ಚರ್ಚೆ ಇಲ್ಲ. ಶುರುವಿನಲ್ಲಿ ಮಂಡಿ ಮುಟ್ಟಿದ್ರೆ ಸಿಡಿಯುವ ಹಾಗಿರುವಾಗ ಸೊಂಟದಿಂದಲೇ ಶುರು ಮಾಡುದು ಒಳ್ಳೇದು, ಯಾಕೆ ಅಂದ್ರೆ ಅದಕ್ಕೆ ಮಂಡಿ ಮಡಚ್ಬೇಕು ಅಂತಿಲ್ಲ.

ನನಗೆ ಕೊಟ್ಟ ಮೊದಲನೇದ್ದು, ಗೋಡೆಗೆ ಬೆನ್ನು ತಾಗಿಸಿ ಒಂದು ಮಗ್ಗುಲಲ್ಲಿ ಮಲಗುದು, ಮೇಲಿನ ಕಾಲು ಸೀದಾ ಇಟ್ಟು ಹಿಮ್ಮಡಿಯನ್ನು ಗೋಡೆಗೆ ಉಜ್ಜಿಕೊಂಡೇ ಮೇಲೆ ಎತ್ತುದು. ಪಾದದ ಬೆರಳು ಆಕಾಶ ನೋಡ್ಬಾರ್ದು, ಎದುರಿನ ಗೋಡೆ ನೋಡ್ಬೇಕು. ಗೋಡೆ ಬಿಟ್ಟು ಮಾಡಿದ್ರೆ ಕಾಲು ಮುಂದೆ ಬಂದು ಬೇರೆ ಸ್ನಾಯು ಕೆಲಸ ಕದೀತದೆ. ಸರಿಯಾಗಿ ಮಾಡಿದ್ರೆ ಹತ್ತು ಹನ್ನೆರಡಕ್ಕೇ ಸೊಂಟದ ಪಕ್ಕ ಉರಿ ಬರ್ತದೆ, ಅಷ್ಟು ಸಣ್ಣ ಕಸರತ್ತಿಗೆ ಅಷ್ಟು ಉರಿಯಾ ಅಂತ ನನಗೇ ಆಶ್ಚರ್ಯ. ಮತ್ತೊಂದು, ಮಗ್ಗುಲಲ್ಲೇ ಮಲಗಿ ಮಂಡಿ ಮಡಚಿ ಪಾದ ಕೂಡಿಸಿ ಮೇಲಿನ ಮಂಡಿ ಮಾತ್ರ ತೆರೆಯುದು, ಮಂಡಿಗಿಂತ ಸ್ವಲ್ಪ ಮೇಲೆ ರಬ್ಬರ್ ಬ್ಯಾಂಡ್ ಕಟ್ಟಿ. ಈ ಬ್ಯಾಂಡಿನಲ್ಲಿ ಬಣ್ಣದ ಲೆಕ್ಕ ಉಂಟು, ಹಳದಿ ಸಸಾರ, ಆಮೇಲೆ ಕೆಂಪು, ಹಸಿರು, ನೀಲಿ. ಆನ್‌ಲೈನಲ್ಲಿ ತರಿಸುವವರು ಕಂಪನಿ ಬದಲಾದ್ರೆ ಬಣ್ಣದ ಲೆಕ್ಕವೂ ಬದಲಾಗ್ಬಹುದು, ನೋಡಿ ತಗೊಳ್ಳಿ. ಅಂಗಾತ ಮಲಗಿ ಸೊಂಟ ಎತ್ತುವ ಬ್ರಿಡ್ಜ್ ಎಲ್ಲರಿಗೂ ಗೊತ್ತಿರುದೇ.

ತೊಡೆಗೆ ಶುರುವಿನಲ್ಲಿ ಬೈರಾಸು (ಟವೆಲ್) ಸುರುಳಿ ಮಾಡಿ ಮಂಡಿ ಅಡಿಯಲ್ಲಿ ಇಟ್ಟು ಅದನ್ನು ಕೆಳಗೆ ಒತ್ತುದು, ಕಾಲು ನೇರ ಎತ್ತುದು. ಇದು ಮೊದಲ ಮೆಟ್ಲು ಅಷ್ಟೇ, ಎಷ್ಟೋ ಜನ ತಿಂಗಳುಗಟ್ಟಲೆ ಇದನ್ನೇ ಮಾಡಿ "ವ್ಯಾಯಾಮ ಮಾಡಿದೆ, ಕಮ್ಮಿ ಆಗ್ಲಿಲ್ಲ" ಅಂತಾರೆ. ಬರೀ ಬೈರಾಸು ಒತ್ತಿದ ಬಲದಲ್ಲಿ ಒಬ್ಬ ಮನುಷ್ಯಳು ಕಾರ್ಕಳದ ಗೊಮ್ಮಟ ಬೆಟ್ಟ ಇಳಿಲಿಕ್ಕುಂಟಾ. ಭಾರ ಏರಿಸ್ತಾ ಹೋಗ್ಬೇಕು. ಗೋಡೆಗೆ ಬೆನ್ನು ಕೊಟ್ಟು ಸ್ವಲ್ಪ ಜಾರಿ ನಿಲ್ಲುದು, ಅದರ ನಂತರ ಕುರ್ಚಿಯಿಂದ ಕೈ ಹಿಡಿಯದೆ ಕೂತು ಏಳುದು, ನಂತರ ಸ್ಟೂಲ್ ಇಳಿಯುದು, ನಂತರ ಬ್ಯಾಗಲ್ಲಿ ಅಕ್ಕಿ ಹಾಕಿ ಬೆನ್ನಿಗೆ ಕಟ್ಟಿ ಅದನ್ನೇ ಮಾಡುದು. ಇಲ್ಲಿ ಒಂದು ಉಪಯೋಗದ ಲೆಕ್ಕ ಹೇಳ್ತೇನೆ: ನಿಂತು ಮಂಡಿ ಬಗ್ಗಿಸುವ ವ್ಯಾಯಾಮದಲ್ಲಿ ನೇರ ಕಾಲಿನಿಂದ 45 ಡಿಗ್ರಿವರೆಗೆ ಚಿಪ್ಪಿಗೆ ಒತ್ತಡ ಕಮ್ಮಿ, ಆಳಕ್ಕೆ ಹೋದ ಹಾಗೆ ಜಾಸ್ತಿ. ಜಿಮ್ಮಲ್ಲಿ ಕುರ್ಚಿಯಲ್ಲಿ ಕೂತು ಕಾಲು ಎದುರಿಗೆ ಎತ್ತುವ ಮಿಷನ್ ಉಂಟಲ್ಲ, ಅದರಲ್ಲಿ ಇದು ಉಲ್ಟಾ, 90ರಿಂದ 45ರವರೆಗೆ ಆರಾಮ, ಕೊನೆಗೆ ಕಾಲು ನೇರ ಆಗುವ ಹೊತ್ತಲ್ಲಿ ಚಿಪ್ಪಿಗೆ ಜಾಸ್ತಿ ಬೀಳ್ತದೆ. ಹಾಗಾಗಿ "ನನಗೆ ಸ್ಕ್ವಾಟ್ ಆಗುದಿಲ್ಲ" ಅಂತ ಪೂರ್ತಿ ಬಿಡ್ಬೇಡಿ, ಅರ್ಧಕ್ಕೇ ನಿಲ್ಲಿಸಿ. ತೊಡೆಯ ಒಳಬದಿಯ ವಿಎಂಓ ಅಂತ ಒಂದು ಸ್ನಾಯು ಮಾತ್ರ ಆರಿಸಿ ಬೆಳೆಸ್ಬೇಕು ಅಂತ ಯೂಟ್ಯೂಬಲ್ಲಿ ತುಂಬಾ ವಿಡಿಯೋ ಉಂಟು, ಅದನ್ನೊಂದನ್ನೇ ಪ್ರತ್ಯೇಕ ಮಾಡಿ ಬೆಳೆಸ್ಲಿಕ್ಕೆ ಆಗುದಿಲ್ಲ, ಇಡೀ ತೊಡೆಗೆ ಕೆಲಸ ಕೊಟ್ರೆ ಅದಕ್ಕೂ ಸಿಗ್ತದೆ.

ಮಾಡುವಾಗ ನೋವಾದ್ರೆ? ಇದು ಎಲ್ಲರ ಪ್ರಶ್ನೆ. ನೋವೇ ಬರ್ಬಾರ್ದು ಅಂತಿಲ್ಲ. ಹತ್ತರಲ್ಲಿ ಎರಡು ಮೂರರಷ್ಟು ನೋವು, ಮಾರನೇ ದಿನ ಬೆಳಿಗ್ಗೆ ಮೊದಲಿನ ಹಾಗೇ ಆದ್ರೆ ಮುಂದುವರಿಸಿ. ಮಾರನೇ ದಿನವೂ ಜಾಸ್ತಿಯೇ ಇದ್ರೆ ಭಾರ ಕಮ್ಮಿ ಮಾಡಿ, ಬಿಟ್ಟು ಮಲಗ್ಬೇಡಿ. ವಾರಕ್ಕೆ ಮೂರು ದಿನ ಗಟ್ಟಿ ವ್ಯಾಯಾಮ ಸಾಕು, ದಿನಾ ಮಾಡಿ ಸುಸ್ತಾಗಿ ಎರಡನೇ ವಾರಕ್ಕೆ ಬಿಡುವುದಕ್ಕಿಂತ ಅದು ಲೇಸು. ಫಲ ಕಾಣ್ಲಿಕ್ಕೆ ಆರು ವಾರ ಆದ್ರೂ ಬೇಕು, ಹನ್ನೆರಡು ವಾರ ಅಂತ ಇಟ್ಕೊಳ್ಳಿ.

ವ್ಯಾಯಾಮದಷ್ಟೇ ಮುಖ್ಯ ಉಳಿದ ಭಾರ ತೂಗಿಸಿಕೊಳ್ಳುದು. ನಾನು ಗುರುಗಳಿಗೆ ಹೇಳಿದೆ, ಕ್ಲಾಸು ಬಿಡುದಿಲ್ಲ, ಆದ್ರೆ ಸದ್ಯಕ್ಕೆ ಮಂಡಿ ಹಾಕುದು ಬೇಡ, ಬಗ್ಗಿ ನಿಲ್ಲುದನ್ನು ಸ್ವಲ್ಪ ಎತ್ತರದಲ್ಲೇ ಮಾಡ್ತೇನೆ ಅಂತ. ಅವರು "ಎಂತ ಮಾರಾಯ್ರೆ, ಅಭಿಮನ್ಯು ನಿಂತ ಹಾಗೆ ಕಾಣುದಿಲ್ಲ, ತೆಂಗಿನಮರ ನಿಂತ ಹಾಗೆ ಕಾಣ್ತದೆ" ಅಂತ ತಮಾಷೆ ಮಾಡಿದ್ರು, ಬಿಡ್ಲಿ. ತಾಳ, ಕೈ, ಕಣ್ಣು, ಅಭಿನಯ ಎಲ್ಲ ಕಲಿಲಿಕ್ಕೆ ಮಂಡಿ ಬೇಕಾ. ಮನೆಯಲ್ಲಿ ಮೆಟ್ಟುಕತ್ತಿಯಲ್ಲಿ ತರಕಾರಿ ಹೆಚ್ಚುದನ್ನು ಬಿಟ್ಟು ಮೇಜಿನ ಮೇಲೆ ಚೂರಿ ಹಿಡಿದೆ, ತೆಂಗಿನಕಾಯಿ ಹೆರೆಯುದು ಮನೆಯವರ ಪಾಲಿಗೆ ಬಂತು (ಇದನ್ನು ಮಂಡಿ ಸರಿಯಾದ ಮೇಲೂ ನಾನು ವಾಪಸ್ ತಗೊಳ್ಳಲಿಲ್ಲ). ಕೌಂಟರಲ್ಲಿ ಕೂತವಳು ಅರ್ಧ ಗಂಟೆಗೊಮ್ಮೆ ಕಾಲು ಚಾಚುದು, ಎದ್ದು ಲೆಡ್ಜರ್ ತರುವ ನೆಪ ಮಾಡುದು. ಉಡುಪಿ ಕೃಷ್ಣಮಠದ ಪರ್ಯಾಯ ಉತ್ಸವದ ರಾತ್ರಿ ರಥಬೀದಿಯಲ್ಲಿ ನಿಂತು ನಡೆದು ಬೆಳಗಾದ ಮೇಲೆ ನೋವು ಮತ್ತೆ ತಲೆ ಎತ್ತಿತ್ತು, ಒಂದು ವಾರ ಹಗುರ ಮಾಡಿ ಮತ್ತೆ ಏರಿಸಿದೆ, ಅಷ್ಟೇ, ಅದಕ್ಕೆ ಮೊದಲಿಂದ ಶುರು ಮಾಡ್ಬೇಕು ಅಂತಿಲ್ಲ.

ಟೇಪಿನ ವಿಷಯ. ಆಸ್ಟ್ರೇಲಿಯದ ಜೆನ್ನಿ ಮೆಕ್‌ಕಾನೆಲ್ ಅನ್ನುವ ಫಿಸಿಯೋ 1986ರಲ್ಲಿ ಬರೆದ ಲೇಖನದಿಂದ ಈ ಪದ್ಧತಿ ಪ್ರಪಂಚಕ್ಕೆಲ್ಲ ಹಬ್ಬಿತು, ಗಟ್ಟಿ ಟೇಪ್ ಹಾಕಿ ಚಿಪ್ಪನ್ನು ಒಳಬದಿಗೆ ಎಳೆದು ಅಂಟಿಸುದು. ಚಿಪ್ಪು ನಿಜವಾಗಿ ಜಾಗ ಬದಲಾಯಿಸಿ ಅಲ್ಲೇ ಉಳೀತದೆ ಅಂತ ಹೇಳ್ಲಿಕ್ಕಾಗುದಿಲ್ಲ, ಆದ್ರೂ ನೋವು ತತ್ಕಾಲಕ್ಕೆ ಇಳೀತದೆ, ನನಗೂ ಸ್ಟೂಲಿನ ಮೇಲೆ ಅಲ್ಲೇ ವ್ಯತ್ಯಾಸ ಗೊತ್ತಾಯ್ತು. ಮೊದಲ ನಾಲ್ಕು ವಾರ ವ್ಯಾಯಾಮದ ಜೊತೆಗೆ ಹಾಕಿ, ಟೇಪ್ ಒಂದನ್ನೇ ನಂಬ್ಬೇಡಿ ಅಂತ ಆ 2019ರ ಮಾರ್ಗಸೂಚಿ ಹೇಳುದು. ಅವರು ಬರೆದದ್ದು ನಮ್ಮ ಏಪ್ರಿಲ್ ಮೇ ತಿಂಗಳ ಸೆಕೆಯಲ್ಲಿ ಕೂತಲ್ಲ ಅನ್ನುದು ಮಾತ್ರ ಸ್ಪಷ್ಟ. ಬೆಳಿಗ್ಗೆ ಅಂಟಿಸಿದ ಟೇಪ್ ಮಧ್ಯಾಹ್ನಕ್ಕೆ ಬೆವರಿಗೆ ಸುರುಳಿಯಾಗಿ ಚೂಡಿದಾರ್ ಪ್ಯಾಂಟಿಗೆ ಅಂಟಿ, ಅಡಿಯಲ್ಲಿ ಚರ್ಮ ತುರಿಸಿ ಕೆಂಪು. ಕ್ಲಾಸಿನ ಹೊತ್ತಿಗೆ ಮಾತ್ರ ಹಾಕಿ ತೆಗೆಯುದು ಒಳ್ಳೇದು. ಚಪ್ಪಲಿ ಒಳಗೆ ಹಾಕುವ ರೆಡಿಮೇಡ್ ಇನ್‌ಸೋಲ್ ಪಾದ ತುಂಬಾ ಒಳಗೆ ವಾಲುವವರಿಗೆ ಮೊದಲ ಕೆಲವು ವಾರಕ್ಕೆ ಉಪಕಾರ ಆಗ್ತದೆ. ಮೆಡಿಕಲ್ ಶಾಪಲ್ಲಿ ಸಿಗುವ ನೀ ಕ್ಯಾಪ್ ಬೇಡ ಅಂತಲೇ ಅದೇ ಮಾರ್ಗಸೂಚಿಯಲ್ಲಿ ಉಂಟು, ನಮ್ಮೂರಲ್ಲಿ ಮಂಡಿನೋವು ಅಂದ ಕೂಡಲೇ ಅದೇ ಮೊದಲು ಕೈಗೆ ಸಿಗುದು. ದೊಡ್ಡಮ್ಮನ ಎಣ್ಣೆ? ತಿಕ್ಕಿಸಿಕೊಳ್ಳಿ, ಹಿತ ಆಗ್ತದೆ, ಅವರಿಗೂ ಖುಷಿ. ಆದ್ರೆ ಎಣ್ಣೆ ತಿಕ್ಕಿದ ದಿನ ವ್ಯಾಯಾಮಕ್ಕೆ ರಜೆ ಅಂತ ಮಾಡ್ಬೇಡಿ.

ಮಲ್ಪೆ ಬೀಚಲ್ಲಿ ಓಡುವವರು ಯಾರಾದ್ರೂ ಓದ್ತಿದ್ರೆ, ನನ್ನ ತಮ್ಮನಿಗೆ ಅದೇ ಫಿಸಿಯೋ ಹೇಳಿಕೊಟ್ಟದ್ದು ನಿಮ್ಗೂ ಆಗ್ತದೆ. ಅದೇ ಸ್ಪೀಡಲ್ಲಿ ಓಡಿ, ಹೆಜ್ಜೆ ಮಾತ್ರ ಗಿಡ್ಡ ಮಾಡಿ, ನಿಮಿಷಕ್ಕೆ ಇಡುವ ಹೆಜ್ಜೆ ಐದರಿಂದ ಹತ್ತು ಪರ್ಸೆಂಟ್ ಜಾಸ್ತಿ ಮಾಡಿ. ಹತ್ತು ಪರ್ಸೆಂಟ್ ಹೆಚ್ಚಿಸಿದ್ರೆ ಚಿಪ್ಪಿನ ಮೇಲಿನ ಗರಿಷ್ಠ ಒತ್ತಡ ಸುಮಾರು 14 ಪರ್ಸೆಂಟ್ ಇಳೀತದೆ ಅಂತ ಅಳೆದು ನೋಡಿದ್ದಾರೆ. ಅವನು ಮೊಬೈಲಲ್ಲಿ ಮೆಟ್ರೊನೋಮ್ ಆ್ಯಪ್ ಹಾಕಿ ಟಿಕ್ ಟಿಕ್ ಅಂತ ಓಡ್ತಾನೆ, ನೋಡುವವರಿಗೆ ನಗು, ಮಂಡಿಗೆ ಸುಖ.

ಇದು ತಾನಾಗೇ ಹೋಗ್ತದೆ ಅಂತ ವರ್ಷಗಟ್ಟಲೆ ಕಾಯುವವರಿಗೆ ಒಂದು ಮಾತು. ಈ ನೋವಿದ್ದವರನ್ನು ಐದರಿಂದ ಎಂಟು ವರ್ಷದ ನಂತರ ವಿಚಾರಿಸಿದ ಒಂದು ಅಧ್ಯಯನದಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಪೂರ್ತಿ ಸರಿಯಾಗಿರ್ಲಿಲ್ಲ, ನೋವು ಹಳತಾದಷ್ಟೂ ಗುಣ ಆಗುದು ಕಷ್ಟ. ಹೊಸತಿರುವಾಗಲೇ ಹಿಡಿಯಿರಿ. ಫಿಸಿಯೋ ಆರಿಸುವಾಗ ಫೋನಲ್ಲೇ ಕೇಳಿ, ವ್ಯಾಯಾಮ ನೀವು ನಿಂತು ಮಾಡಿಸ್ತೀರಾ, ವಾರ ವಾರ ಬದಲಾಯಿಸಿ ಕೊಡ್ತೀರಾ ಅಂತ. ನಿಮ್ಮನ್ನು ಮೆಟ್ಲು ಹತ್ತಿಸಿ ಇಳಿಸಿ ನೋಡದೆ ಮಂಚಕ್ಕೆ ಕಳಿಸುವಲ್ಲಿಂದ ಎದ್ದು ಬಂದುಬಿಡಿ, ಆ ಪ್ಯಾಕೇಜಿನ ದುಡ್ಡಲ್ಲಿ ಎರಡು ಬ್ಯಾಂಡ್, ಒಂದು ಸ್ಟೂಲ್ ಬಂದು ಇನ್ನೂ ಗೋಳಿಬಜೆಗೆ ಉಳೀತದೆ.

ಮನೆಯಲ್ಲಿ ಮಾಡ್ತೇನೆ ಅಂತ ಕೂರ್ಬಾರದ ಕೆಲವು ಉಂಟು, ಅದನ್ನು ಮರೀಬೇಡಿ. ಬಿದ್ದೋ ತಿರುಚಿಯೋ ಮಂಡಿ ದಪ್ಪ ಊದಿದ್ರೆ, ನಡುವಿನಲ್ಲಿ ಲಾಕ್ ಆಗಿ ನೇರ ಆಗದಿದ್ರೆ, ಚಿಪ್ಪು ಪಕ್ಕಕ್ಕೆ ಜಾರಿ ಹೋಗಿದ್ರೆ, ಕಾಲು ಕುಸಿದು ಬೀಳುವ ಹಾಗೆ ಆಗ್ತಿದ್ರೆ, ಜ್ವರದ ಜೊತೆ ಬಿಸಿ ಬಾವು ಇದ್ರೆ, ಮಲಗಿದ್ರೂ ರಾತ್ರಿ ಬಿಡದ ನೋವಿದ್ರೆ, ಮೊದಲು ಡಾಕ್ಟ್ರು. ಮತ್ತೆ ಮಕ್ಕಳದ್ದು. ಕ್ಲಾಸಿಗೆ ಬರುವ ಹತ್ತು ಹದಿನಾಲ್ಕು ವರ್ಷದ ಮಕ್ಕಳು ಚಿಪ್ಪಿಗಿಂತ ಕೆಳಗೆ, ಮೊಣಕಾಲಿನ ಕೆಳಗಿನ ಮೂಳೆ ಶುರುವಾಗುವಲ್ಲಿ ಗಂಟಿನ ಹಾಗೆ ಉಬ್ಬಿ ನೋಯ್ತದೆ ಅಂದ್ರೆ ಅದು ಸಾಧಾರಣವಾಗಿ ಬೆಳೆಯುವ ಮೂಳೆಯ ಜಾಗದ ಕಿರಿಕಿರಿ, ಹಾರುದು ಓಡುದು ಕಮ್ಮಿ ಮಾಡಿ ಕಾದ್ರೆ ಪ್ರಾಯ ಬಂದ ಹಾಗೆ ಇಳೀತದೆ. ಆದ್ರೆ ಆ ಪ್ರಾಯದ ಮಗು ಕುಂಟ್ತಾ "ಮಂಡಿ ನೋವು" ಅಂದು, ಮಂಡಿ ನೋಡಿದ್ರೆ ಎಂತದೂ ಇಲ್ಲ, ಪಾದ ಹೊರಗೆ ತಿರುಗಿಸಿ ನಡೀತಿದೆ ಅಂತ ಕಂಡ್ರೆ ನೋವಿನ ಮೂಲ ಸೊಂಟದ ಕೀಲಿನಲ್ಲಿ ಇರ್ಬಹುದು, ಅಲ್ಲಿ ತೊಡೆಮೂಳೆಯ ತಲೆ ಜಾಗ ಬಿಟ್ಟು ಜಾರುವ ಒಂದು ಸಮಸ್ಯೆ ಉಂಟು, ನೋವು ಮಾತ್ರ ಮಂಡಿಯಲ್ಲಿ ಕಾಣುದು. ಅಂಥ ಮಗುವಿಗೆ ಬ್ಯಾಂಡೂ ಬೇಡ ಬೈರಾಸೂ ಬೇಡ, ನಡೆಸ್ಲೂ ಬೇಡಿ, ಎತ್ತಿಕೊಂಡು ಅದೇ ದಿನ ಮೂಳೆ ಡಾಕ್ಟ್ರ ಹತ್ರ ಹೋಗಿ ಸೊಂಟದ ಎಕ್ಸ್‌ರೇ ತೆಗಿಸಿ.